ಹುಗ್ಗಿಯ ಹಂಡೆಗೆ ಕಂಪ್ಯೂಟರ್ ಲೆಕ್ಕ

ಮನುಷ್ಯನ ತಲೆಗೆ ಇನ್ನು ಮುಂದೆ ಟೊಪ್ಪಿಗೆ ಹೊರುವುದೊಂದನ್ನು ಬಿಟ್ಟು ಬೇರೆ ಕೆಲಸ ಇರುವುದಿಲ್ಲ ಎಂಬ ಸತ್ಯ ನನಗೆ ಹೊಳೆದದ್ದು ಕಲಬುರ್ಗಿಯ ಒಂದು ತಂಪು ಕೋಣೆಯಲ್ಲಿ. ಆಗ ನಾನು ಆಳಂದದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮಗಳು ಸುವರ್ಣಾಳ ಮದುವೆ ಯಡ್ರಾಮಿಯ ಹುಡುಗನೊಂದಿಗೆ ಗೊತ್ತಾಗಿತ್ತು. ಬೀಗರು ಗುರುಲಿಂಗಪ್ಪನವರು ಕೊಡುವ ತರುವ ಮಾತೇ ಎತ್ತಲಿಲ್ಲ. ಮೀಸೆ ನೀವಿಕೊಂಡು ಒಂದೇ ಮಾತು ಹೇಳಿದ್ದರು.

"ನಮಗೇನೂ ಬ್ಯಾಡ್ರಿ ಮಾಸ್ತರ್ರ. ಬಂದ ಮಂದಿ ಹೊಟ್ಟಿ ತುಂಬ ಉಂಡು ಏಳಬೇಕು, ಅಷ್ಟ. ಹಸದು ಎದ್ದರ ಮಾತ್ರ ನಮ್ಮ ಮನ್ಯಾಗಿನ ಹೆಣ್ಮಕ್ಕಳು ನಿಮ್ಮ ಮಗಳಿಗಿ ಅದನ್ನ ಮುಪ್ಪಿನ ತನಕ ಆಡಿ ತೋರಿಸ್ತಾರ."

ಬಹಳ ಸೌಮ್ಯವಾದ ಮಾತು. ನಿದ್ದೆ ಹಾರಿಸುವಷ್ಟು ಸೌಮ್ಯ!

ನಮ್ಮ ಓಣಿಯಲ್ಲಿ ಮದುವೆ ಊಟದ ಲೆಕ್ಕ ಹಾಕುವುದಕ್ಕೆ ಹಳೆಯ ಪದ್ಧತಿಯೊಂದಿತ್ತು. ನನ್ನ ಹೆಂಡತಿ ಶಾಂತಾಬಾಯಿ, ಎದುರುಮನೆಯ ಕಾಶಕ್ಕ ಇಬ್ಬರೂ ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಮೆಲ್ಲುತ್ತ, ಅರೆಗಣ್ಣು ಮುಚ್ಚಿ ಒಂದೊಂದೇ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದರು.

"ಅವರ ಮನ್ಯಾಗ ಮುದುಕಿಗಿ ಹಲ್ಲಿಲ್ಲ, ಬರೇ ಹುಗ್ಗಿ ತಿಂತಾಳ."

"ಇವರ ಮಗಳು ಬಾಣಂತನಕ್ಕ ಬಂದಾಳ. ಅಕಿ ಗಂಡ ಬರ್ತಾನ ನೋಡು."

"ಅಂವಾ ಬಂದ್ರ ಇಬ್ಬರ ಊಟ ಹಿಡಿ!"

ಹೀಗೆ ನಡೆದ ಅಧಿವೇಶನ, "ಇರ್ಲಿ ಬೇ, ಮ್ಯಾಲೊಂದಿಷ್ಟು ಹೆಚ್ಚಿಗಿ ಇರ್ಲಿ" ಎಂಬ ನಿರ್ಣಯದೊಂದಿಗೆ ಮುಕ್ತಾಯವಾಗುತ್ತಿತ್ತು. ಇದಕ್ಕೆ ಅಂದಾಜು ಎಂದು ಹೆಸರು. ಅಂದಾಜು! ಗಣಿತದ ಮಾಸ್ತರನ ಕಟ್ಟೆಯ ಮೇಲೆ! ಇದನ್ನು ನಿಲ್ಲಿಸಲೇಬೇಕೆಂದು ನಾನು ಕಲಬುರ್ಗಿಯ ಬಸ್ಸು ಹತ್ತಿದೆ.

ಅಲ್ಲಿ ನನ್ನ ಹಳೆಯ ವಿದ್ಯಾರ್ಥಿ ಚಂದ್ರಶೇಖರ ಕಂಪ್ಯೂಟರ್ ಕ್ಲಾಸು ತೆರೆದಿದ್ದ. ಗಣಿತದಲ್ಲಿ ನನ್ನಿಂದಲೇ ಮೇಲಿಂದ ಮೇಲೆ ನಪಾಸಾಗಿದ್ದವನು ಈಗ ಹೊಟ್ಟೆ ಬಂದು, ಟೈ ಕಟ್ಟಿ, ಗಂಭೀರನಾಗಿದ್ದ. ಬಾಗಿಲಲ್ಲಿ ಚಪ್ಪಲಿ ಬಿಡಿಸಿದ. ಗುಡಿ ಅಲ್ಲದ ಜಾಗದಲ್ಲಿ ಚಪ್ಪಲಿ ಬಿಡಿಸಿದರೆಂದರೆ ಒಳಗೆ ಇರುವುದು ದೇವರಿಗಿಂತ ದೊಡ್ಡದೇ ಎಂದು ನಾನೂ ಕೈ ಮುಗಿದೆ.

"ಸರ್, ಇದು ಬರೇ ಕೂಡಿಸಿ ಕಳಿಯೂ ಮಿಷನ್ ಅಲ್ರಿ" ಎಂದ. "ತಾನಾಗೇ ವಿಚಾರ ಮಾಡ್ತದ. ಮುಂದ ವಕೀಲ್ರು ಬ್ಯಾಡ, ಡಾಕ್ಟರ್ ಬ್ಯಾಡ, ಖರೇ ಹೇಳಬೇಕಂದ್ರ ಮಾಸ್ತರ್ರೂ ಬ್ಯಾಡ!"

ಕೊನೆಯ ಮಾತಿನಲ್ಲಿ ಅವನಿಗೆ ತುಸು ಹೆಚ್ಚೇ ಸಂತೋಷವಿತ್ತು. ನನಗೇನೂ ಬೇಸರವಾಗಲಿಲ್ಲ. ಹೊರಗೆ ನಮ್ಮ ಸೀಮೆಯ ಬೇಸಿಗೆ ಹೆಂಚಿನಂತೆ ಕಾದಿತ್ತು. ಒಳಗೆ ತಂಪು ಗಾಳಿ, ಜೇನುಗೂಡಿನ ಪಕ್ಕ ಕೂತಂಥ ಸಣ್ಣ ಗುಂಯ್‌ಗುಟ್ಟುವಿಕೆ, ಕಪ್ಪು ಪರದೆಯ ಮೇಲೆ ಮಳೆಗಾಲದ ಮಿಂಚುಹುಳುಗಳ ಹಾಗೆ ಹಸಿರು ಅಕ್ಷರಗಳು. ನನ್ನ ರೆಪ್ಪೆ ತಾನಾಗಿ ಭಾರವಾಯಿತು.

ಅದೋ, ಅಫಜಲಪುರದ ಅಣ್ಣತಮ್ಮಂದಿರು ಬದುವಿನ ಜಗಳ ಬಿಟ್ಟು ಪರದೆಯ ಮುಂದೆ ಕೈ ಕಟ್ಟಿ ನಿಂತಿದ್ದಾರೆ. ಜೇವರ್ಗಿಯ ತೊಗರಿ ಹೊಲಗಳ ಮೇಲೆ ಮೋಡಗಳು ಯಂತ್ರದ ಅಪ್ಪಣೆಗೆ ಕಾದು ಸಾಲಾಗಿ ನಿಂತಿವೆ. ಅತ್ತೆ ಸೊಸೆಯರು ತಮ್ಮ ತಮ್ಮ ತಕರಾರನ್ನು ಅದರ ಕಿವಿಯಲ್ಲಿ ಹೇಳಿ, ನಗುನಗುತ್ತ ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದಾರೆ. ನಾನು ಬೇವಿನ ನೆರಳಲ್ಲಿ ಹೊರಸಿನ ಮೇಲೆ ಮಲಗಿದ್ದೇನೆ. ಪರೀಕ್ಷೆಯ ಪೇಪರುಗಳು ತಮ್ಮನ್ನು ತಾವೇ ತಿದ್ದಿಕೊಂಡು, ತಮ್ಮ ತಪ್ಪಿಗೆ ತಾವೇ ನಾಚಿಕೊಂಡು, ಬಿಳಿ ಕೊಕ್ಕರೆಗಳಂತೆ ಹಾರಿಹೋಗಿ ಕಪಾಟಿನಲ್ಲಿ ಕೂರುತ್ತಿವೆ...

"ಎಷ್ಟು ಮಂದಿಗಿ ಹೇಳೀರಿ ಸರ್?"

ಕೊಕ್ಕರೆಗಳು ಚದುರಿದವು. ನಾನು ಗಡಬಡಿಸಿ, ಹಂಚಿದ ಲಗ್ನಪತ್ರಿಕೆಗಳ ಸಂಖ್ಯೆಯನ್ನೇ ಹೇಳಿದೆ.

ಇಲ್ಲಿ ಒಂದು ಮಾತು. ನಮ್ಮ ಕಡೆ ಪತ್ರಿಕೆ ಬರೀ ಚಂದಕ್ಕೆ. ನಿಜವಾದ ಕರೆ ಬಾಯಿಂದ. "ಒಬ್ಬರು ಬಂದು ಹೋಗ್ರಿ" ಎಂದರೆ ಒಬ್ಬರು. "ಒಲಿ ಹಚ್ಚಬ್ಯಾಡ್ರಿ" ಎಂದರೆ ಮನೆಗೆ ಮನೆಯೇ: ಮುದುಕರು, ಮಕ್ಕಳು, ಆಳುಕಾಳು, ಆ ಹೊತ್ತಿಗೆ ಅವರಲ್ಲಿ ಬಂದಿಳಿದ ಬೀಗರು, ಬೀಗರ ಬೀಗರು. ಹಾಗೆ ಕರೆಸಿಕೊಂಡ ಮನೆಯಲ್ಲಿ ಆ ದಿನ ಒಲೆಯಲ್ಲಿ ಬೆಂಕಿ ಕಂಡರೆ ಕರೆದವರಿಗೆ ಅವಮಾನ. ಶಾಂತಾಬಾಯಿ ಕುಂಕುಮದ ಬಟ್ಟಲು ಹಿಡಿದು ಇಡೀ ಓಣಿಗೆ ಈ ಎರಡನೆಯ ಕರೆಯನ್ನೇ ಕೊಟ್ಟು ಬಂದಿದ್ದಳು.

ಇದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು! ಆದರೆ ವಕೀಲರನ್ನೂ ಡಾಕ್ಟರರನ್ನೂ ಮನೆಗೆ ಕಳಿಸಲು ಹೊರಟ ಯಂತ್ರಕ್ಕೆ ಆಳಂದದ ಒಲೆಯ ಸಂಗತಿ ಹೊಳೆಯದೆ ಇದ್ದೀತೆ? ಬಾಯಿಬಿಟ್ಟು ಹೇಳಿದರೆ ಅದರ ಮನಸ್ಸಿಗೆ ನೋವಾದೀತೆಂದು ಸುಮ್ಮನಾದೆ.

ಪಕ್ಕದ ಇನ್ನೊಂದು ಯಂತ್ರ ಕಿರ್ರನೆ ಕಿರುಚಿ, ಅಂಚಿಗೆ ಸಾಲುತೂತುಗಳಿದ್ದ ಕಾಗದವೊಂದನ್ನು ಹಡೆಯಿತು. ಗೋದಿ ಇಷ್ಟು, ಬೆಲ್ಲ ಇಷ್ಟು, ಬದನೆಕಾಯಿ ಇಷ್ಟು. ಎಲ್ಲದಕ್ಕೂ ದಶಾಂಶ ಬಿಂದು! ಬದನೆಕಾಯಿಗೆ ದಶಾಂಶ ಹಚ್ಚಿದ ವಿದ್ಯೆಯ ಮುಂದೆ ಯಾವ ಗಣಿತದ ಮಾಸ್ತರ ತಲೆಬಾಗುವುದಿಲ್ಲ?

ಕಾಗದ ಓದಿದ ಶಾಂತಾಬಾಯಿ ಹುಬ್ಬು ಗಂಟಿಕ್ಕಿದಳು. "ಇಷ್ಟು ನಮ್ಮ ಓಣಿ ಕೂಸುಗಳಿಗೇ ಆಗ್ತದ. ದೊಡ್ಡವರು ಏನ್ ತಿನ್ನಬೇಕ್ರಿ?"

"ನಿನಗ ತಿಳಿಯಲ್ಲ. ವಿಚಾರ ಮಾಡಿ ಹೇಳ್ಯದ ಅದು."

"ವಿಚಾರ ಮಾಡ್ತದಂತ! ಅದಕ್ಕ ಹೊಟ್ಟಿ ಅದೇನ್ರಿ?"

ಇಂಥ ಅವೈಜ್ಞಾನಿಕ ಪ್ರಶ್ನೆಗೆ ಉತ್ತರ ಕೊಡಬಾರದು. ಕಾಗದವನ್ನು ದೇವರ ಜಗಲಿಯ ಮೇಲೆ ಇಟ್ಟೆ. ಸಂಜೆಯೊಳಗೆ ಓಣಿಯೇ ಕಾಗದ ನೋಡಲು ಬಂತು. ಕಾಶಕ್ಕ ಕೈ ತೊಳೆದುಕೊಂಡು ಬಂದು ಅದನ್ನು ಕಣ್ಣಿಗೊತ್ತಿಕೊಂಡಳು. ಎಷ್ಟೋ ಮದುವೆಗಳ ಹಂಡೆ ಇಳಿಸಿದ ಅಡಿಗೆಯ ಸಿದ್ರಾಮಪ್ಪ ಒಮ್ಮೆ ತಲೆ ಕೆರೆದುಕೊಂಡು, "ಕಮ್ಮಿ ಅನಸ್ತದ್ರಿ... ಆದ್ರ ಮಿಷನ್ ಹೇಳಿದ ಮ್ಯಾಲ ನಾ ಏನ್ ಹೇಳ್ಲಿ?" ಎಂದು ಬೀಡಿ ಹಚ್ಚಿದ. ಕೊನೆಗೆ ಶಾಂತಾಬಾಯಿಯೂ ಕಾಗದದಂತೆಯೇ ಸಾಮಾನು ತರಿಸಲು ಒಪ್ಪಿದಳು. ಅಲ್ಲಿಗೆ ನಮ್ಮ ಓಣಿಯಲ್ಲಿ ವಿಚಾರ ಮಾಡುವವರು ಯಾರೂ ಉಳಿಯಲಿಲ್ಲ, ಆ ಯಂತ್ರವೂ ಸೇರಿದಂತೆ.

ಮದುವೆಯ ದಿನ ಹಂದರದಲ್ಲಿ ಎಲ್ಲವೂ ಕನಸಿನ ಹಾಗೆ ತೇಲುತ್ತಿತ್ತು. ಅಕ್ಷತೆ ಬಿತ್ತು. ಬೀಗರ ಕಡೆಯವರು ಫೋಟೋ, ಆಹೇರಿಯ ಉಡುಗೊರೆ ಎಂದು ಕೂತರು. ಅಷ್ಟರಲ್ಲಿ ಓಣಿಯವರು ಮೊದಲ ಪಂಕ್ತಿಗೆ ಬಂದರು. ಮನೆಗಳಿಗೆ ಕೀಲಿ ಹಾಕಿ ಬಂದರು! ಹಲ್ಲಿಲ್ಲದ ಮುದುಕಿ ಬಂದಳು. ಬಾಣಂತಿ ಬಂದಳು. ಇಬ್ಬರ ಊಟದ ಅಳಿಯನೂ ಬಂದ, ತಮ್ಮನನ್ನು ಕರೆದುಕೊಂಡು. ನಾನು ಪ್ರತಿಯೊಬ್ಬರಿಗೂ ಕೈ ಮುಗಿಯುತ್ತ, ಯಂತ್ರ ಇವರನ್ನೆಲ್ಲ ಎಣಿಸಿರುತ್ತದೆ ಎಂಬ ನೆಮ್ಮದಿಯಲ್ಲಿ ತೂಗುತ್ತಿದ್ದೆ.

ಸಿದ್ರಾಮಪ್ಪ ಕಿವಿಯ ಹತ್ತಿರ ಬಂದ. "ಸರ್, ಹಂಡೆದ ಬುಡ ಕಾಣಾಕತ್ತದ್ರಿ."

"ಸಾಧ್ಯವೇ ಇಲ್ಲ. ನಿಂದ್ರು, ನೋಡೂಣು" ಎಂದು ಕಾಗದ ತಂದೆ. ಕಾಗದದ ಪ್ರಕಾರ ಹುಗ್ಗಿ ಉಳಿಯಬೇಕು. ಹಂಡೆಯ ಪ್ರಕಾರ ಉಳಿದಿಲ್ಲ. ನಾನು ಕಾಗದವನ್ನು ನಂಬಿದೆ!

"ಇನ್ನೊಂದು ಹಂಡೆ ಇಡು ಮತ್ತ" ಎಂದೆ, ಕಡೆಗೆ ಹಂಡೆಯೊಳಗೆ ಇಣುಕಿ ನೋಡಿ.

"ಏನ್ ಇಡ್ಲಿ? ಗೋದಿ ಇಲ್ಲ, ಹಿಟ್ಟಿಲ್ಲ, ಕಟ್ಟಿಗಿ ಇಲ್ಲ. ನಿಮ್ಮ ಕಾಗದದಾಗ ಇದ್ದಷ್ಟೇ ತಂದೀನಿ. ಬೆಂಕಿಗೂ ನೀರು ಹಾಕಿ ಆಯ್ತು."

ನಾನು ಓಣಿಯ ಕಡೆ ನೋಡಿದೆ. ಯಾವ ಮಾಳಿಗೆಯ ಮೇಲೂ ಹೊಗೆಯ ಒಂದು ಎಳೆಯಿಲ್ಲ. ನಾವೇ ಹೇಳಿದ್ದೆವಲ್ಲ, ಒಲೆ ಹಚ್ಚಬೇಡಿರೆಂದು! ಇಡೀ ಓಣಿ ನಮ್ಮ ಮರ್ಯಾದೆ ಕಾಯಲು ತಣ್ಣಗೆ ಕೂತಿತ್ತು. ಅತ್ತ ಗುರುಲಿಂಗಪ್ಪನವರು ಆಹೇರಿ ಮುಗಿಸಿ, ಕೈ ತೊಳೆಯಲು ನೀರು ಕೇಳಿದರು.

ಶಾಂತಾಬಾಯಿ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸೀದಾ ಪಂಕ್ತಿಗೆ ಹೋಗಿ ಕಾಶಕ್ಕನ ಕಿವಿಯಲ್ಲಿ ಏನೋ ಅಂದಳು. ಕಾಶಕ್ಕ ಅರ್ಧ ಊಟ ಬಿಟ್ಟು ಎದ್ದಳು.

"ಏ, ಏಳ್ರೆ! ಸುವರ್ಣಾನ ಮದವಿ ಅದ. ಹೋಗಿ ಒಲಿ ಹಚ್ರಿ!"

ಸೀರೆಗಳ ಸದ್ದು ಓಣಿಯುದ್ದಕ್ಕೂ ಗಾಳಿಯಂತೆ ಹರಿಯಿತು. ಕೀಲಿಗಳು ತೆರೆದವು. ಒಂದು ಮಾಳಿಗೆಯಿಂದ ನೀಲಿ ಹೊಗೆ ಎದ್ದಿತು, ಆಮೇಲೆ ಮತ್ತೊಂದರಿಂದ, ಆಮೇಲೆ ಎಲ್ಲ ಕಡೆಯಿಂದ. ಮಧ್ಯಾಹ್ನದ ಬಿಸಿಲಿನಲ್ಲಿ ಓಣಿ ಮೋಡ ಹೊದ್ದಂತಾಯಿತು. ರೊಟ್ಟಿ ಬಡಿಯುವ ಸದ್ದು ಮನೆಯಿಂದ ಮನೆಗೆ ಹಬ್ಬಿತು. ನನ್ನ ಜೀವಮಾನದಲ್ಲಿ ಅಷ್ಟು ಇಂಪಾದ ಸಂಗೀತ ಕೇಳಿಲ್ಲ. ಮೊದಲು ಗಂಟಿನಲ್ಲಿ ಕಟ್ಟಿಟ್ಟಿದ್ದ ಖಡಕ್ ರೊಟ್ಟಿ ಬಂತು. ಹಿಂದೆಯೇ ಶೇಂಗಾ ಹಿಂಡಿ, ಗಡಿಗೆಯಲ್ಲಿ ಕೆನೆಮೊಸರು, ಪುಂಡಿಪಲ್ಯ, ಯಾರದೋ ಮನೆಯ ಸಜ್ಜೆ ರೊಟ್ಟಿ, ಯಾರದೋ ಮನೆಯ ಉಪ್ಪಿನಕಾಯಿ. ಬೀಗರ ಪಂಕ್ತಿಯ ಎಲೆಗಳು ತುಂಬಿದವು. ನಾನು ಕಂಬ ಹಿಡಿದು ನಿಂತಿದ್ದೆ. ಕಂಬಕ್ಕೂ ನನಗೂ ಇದ್ದ ವ್ಯತ್ಯಾಸವೆಂದರೆ ಕಂಬ ಉಪಯೋಗಕ್ಕೆ ಬರುತ್ತಿತ್ತು.

ಗುರುಲಿಂಗಪ್ಪನವರು ಉಂಡರು. ಮತ್ತೆ ಹಾಕಿಸಿಕೊಂಡು ಉಂಡರು. ಆಮೇಲೆ ಒತ್ತಾಯ ಮಾಡಿ ನನ್ನನ್ನೂ ಪಕ್ಕಕ್ಕೆ ಕೂಡಿಸಿಕೊಂಡರು.

"ಬೀಗರ, ಭಾಳ ಮದವಿ ಉಂಡೀನ್ರಿ. ಒಂದ ಎಲಿ ಮ್ಯಾಲ ಇಷ್ಟು ಮನಿ ರುಚಿ ಎಲ್ಲೂ ಕಂಡಿಲ್ಲ. ಏನ್ ಇಂತಜಾಮ್, ಏನ್ ಏರ್ಪಾಡು! ಊಟಕ್ಕ ಕಂಪ್ಯೂಟರ್ ಹಚ್ಚೀರಂತ ನಮ್ಮೂರಿಗೇ ಸುದ್ದಿ ಬಂದಿತ್ತು. ಇದೆಲ್ಲಾ ಅದರದೇ ಕೆಲಸ ಏನ್ರಿ?"

ಎದುರಿಗೆ ಹಿಟ್ಟಿನ ಕೈಯಲ್ಲಿ ಕಾಶಕ್ಕ ನಿಂತಿದ್ದಳು. ಅವಳ ಹಿಂದೆ ಶಾಂತಾಬಾಯಿ. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮಗಳ ಮುಪ್ಪಿನ ತನಕದ ನೆಮ್ಮದಿ ಆ ಬಾಯಿಯಲ್ಲಿತ್ತು. ಅದರೊಳಗೆ ಒಂದು ತುತ್ತು ರೊಟ್ಟಿಯೂ ಇತ್ತು.

"ಹೌದ್ರಿ" ಎಂದೆ.

"ನಮ್ಮ ಸಣ್ಣ ಮಗನ ಮದವಿಗೂ ಅದನ್ನ ಹಚ್ಚಿಬಿಡೂಣು!" ಎಂದು ಬೀಗರು ತೊಡೆ ತಟ್ಟಿದರು.

ಕಾಶಕ್ಕ ಬಗ್ಗಿ, ಹಬೆಯಾಡುತ್ತಿದ್ದ ಇನ್ನೊಂದು ರೊಟ್ಟಿಯನ್ನು ನನ್ನ ಎಲೆಯ ಮೇಲೆ ಇಟ್ಟಳು.

"ಉಣ್ರಿ ಮಾಸ್ತರ್ರ, ಉಣ್ರಿ. ಇದನ್ನೂ ಕಂಪ್ಯೂಟರೇ ಬಡದದ."

ನಾನು ತಲೆ ಎತ್ತಲಿಲ್ಲ. ಆದರೆ ರೊಟ್ಟಿ ಬಿಡಲೂ ಇಲ್ಲ!