ನಮ್ಮ ದೂರುಗಳನ್ನು ಹಲಗೆಗೆ ಅಂಟಿಸಿದವರಿಗೆ

ಪಾರದರ್ಶಕ ಆಡಳಿತದ ಮಾನ್ಯ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಅನಂತ ವಂದನೆಗಳೊಂದಿಗೆ ತಮಗೂ ಸಮಸ್ತ ನಾಗರಿಕರಿಗೂ ಈ ಮೂಲಕ ಘೋಷಿಸಲು ಹರ್ಷಿಸುವುದೇನೆಂದರೆ, ನಮ್ಮ ಬೀದಿಯ ಚರಂಡಿ ಕಳೆದ ಸೋಮವಾರದಿಂದ ಹರಿಯುತ್ತಿದೆ. ಜನ ಬಗ್ಗಿ ಬಗ್ಗಿ ನೋಡಿ ಹೋಗುತ್ತಿದ್ದಾರೆ. ಇದು ತಮ್ಮ ಪಾರದರ್ಶಕತೆಯ ಫಲವೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆ ಫಲ ಯಾರ ತಲೆಯ ಮೇಲೆ ಬಿತ್ತೆಂಬುದನ್ನು ಅರಿಕೆ ಮಾಡಿಕೊಳ್ಳಲಷ್ಟೇ ಈ ಪತ್ರ.

ಚರಂಡಿ ಕಟ್ಟಿಕೊಂಡಾಗ ನಾನು ತಮ್ಮ ಕಚೇರಿಗೆ ದೂರು ಬರೆದಿದ್ದೆ. ನಮ್ಮ ಮನೆಯ ಕೆಳಗಿನ ಕ್ಷೌರದಂಗಡಿಯವರು ಕೂದಲನ್ನೆಲ್ಲ ಅದಕ್ಕೇ ಗುಡಿಸುತ್ತಾರೆಂದೂ ಅದು ನಿರ್ಲಜ್ಜ ವರ್ತನೆಯೆಂದೂ ಅದರಲ್ಲಿತ್ತು. ವರ್ಷಗಳಿಂದ ಅವರ ಕುರ್ಚಿಯಲ್ಲೇ ಕೂತು ಏಳುವವನಾದ್ದರಿಂದ ಮುಖಕ್ಕೆ ಹೇಳಲು ದಾಕ್ಷಿಣ್ಯವಾಗಿ, ಸರ್ಕಾರದ ಕಿವಿಯಲ್ಲಿ ಪಿಸುಗುಟ್ಟೋಣವೆಂದುಕೊಂಡಿದ್ದೆ. ಆ ಕಿವಿಗೆ ಧ್ವನಿವರ್ಧಕ ಜೋಡಿಸಿರುವುದು ನನಗೇನು ಗೊತ್ತು?

ತಾವು ಅದೇ ವಾರ 'ಎಲ್ಲವೂ ಎಲ್ಲರ ಕಣ್ಣ ಮುಂದೆ' ಯೋಜನೆಯನ್ನು ಉದ್ಘಾಟಿಸಿ, ಬಂದ ದೂರುಗಳನ್ನೆಲ್ಲ ಕಚೇರಿಯ ಗೇಟಿನ ಪಕ್ಕದ ಹಲಗೆಗೆ ಅಂಟಿಸಿದಿರಿ. ನನ್ನ ಹೆಸರು, ವಿಳಾಸ, ಫೋನ್ ನಂಬರು, ಸಿಟ್ಟಿನಲ್ಲಿ ಎರಡೆರಡು ಸಲ ಎಳೆದ ಅಡಿಗೆರೆ, ಎಲ್ಲವೂ ತೊಳೆದ ಗಾಜಿನಷ್ಟು ನಿಚ್ಚಳ. ಕೆಳಗೆ 'ಹೊಣೆಗಾರ ಅಧಿಕಾರಿ', 'ವಿಳಂಬಕ್ಕೆ ಕಾರಣ' ಎಂಬವುಗಳ ಮುಂದೆ ಮಾತ್ರ ದಪ್ಪನೆಯ ಕಪ್ಪು ಪಟ್ಟಿ. ವಿಚಾರಿಸಿದರೆ, ಕಿಟಕಿಯ ಗುಮಾಸ್ತರು "ಅದು ಸಿಬ್ಬಂದಿಯ ಖಾಸಗಿ ವಿಷಯ ಸಾರ್, ಹಾಗೆಲ್ಲ ತೋರಿಸೋಕಾಗಲ್ಲ" ಎಂದು ಬಹಳ ವಿನಯದಿಂದ ತಿಳಿಸಿದರು. ಹಾಗಾದರೆ ನನ್ನ ಫೋನ್ ನಂಬರು ಯಾರ ಖಾಸಗಿ ವಿಷಯ ಎಂದು ಕೇಳುವಷ್ಟರಲ್ಲಿ ಅದೇ ಫೋನು ಬಡಿದುಕೊಂಡಿತು. ಯಾರೋ ಪುಣ್ಯಾತ್ಮರು ಚರಂಡಿ ತೊಳೆಯುವ ಪುಡಿ ಮಾರುತ್ತಿದ್ದರು.

ಅಂಗಡಿಯವರು ಇನ್ನೂ ಓದಿರಲಾರರೆಂಬ ಧೈರ್ಯದಲ್ಲಿ ಶುಕ್ರವಾರ ಹೋಗಿ ಕುರ್ಚಿಯಲ್ಲಿ ಕೂತೆ. "ಸ್ವಲ್ಪ ತಲೆ ಎತ್ತಿ ಸಾರ್" ಎಂದು ಗಂಟಲಿಗೆ ಕತ್ತಿಯಿಟ್ಟ ಮೇಲೆ, "ಎರಡನೇ ಪ್ಯಾರಾದಲ್ಲಿ ನಿರ್ಲಜ್ಜ ಅಂತ ಹಾಕಿದ್ದೀರಲ್ಲ, ಹಾಗಂದ್ರೇನು ಸಾರ್? ನಮ್ಮ ಮನೆಯವಳನ್ನ ಕೇಳಿದ್ರೆ ಹೇಳೋಕೇ ನಾಚಿಕೊಂಡಳು" ಎಂದರು. ಉಗುಳು ನುಂಗಲೂ ಜಾಗವಿಲ್ಲದ ಆ ಸ್ಥಿತಿಯಲ್ಲಿ ಶಬ್ದಾರ್ಥ ವಿವರಿಸುವುದು ನನ್ನಿಂದಾಗಲಿಲ್ಲ.

ಮರುದಿನ ಅವರ ಸಮಜಾಯಿಷಿಯೂ ಹಲಗೆಯೇರಿತು. ಚರಂಡಿ ಕಟ್ಟಿಕೊಂಡದ್ದು ಮೇಲಿನ ಮನೆಯ ಅಡುಗೆ ಜಿಡ್ಡಿನಿಂದಲೆಂದೂ, ದೂರುದಾರರ ನೆತ್ತಿಯಿಂದ ಇತ್ತೀಚೆಗೆ ಒಂದು ಹಿಡಿ ಕೂದಲೂ ಸಿಗುತ್ತಿಲ್ಲವಾದ್ದರಿಂದ ಕೂದಲಿನ ವಿಷಯ ಸದರಿ ದೂರುದಾರರಿಗೆ ಸಂಬಂಧಿಸಿದ್ದಲ್ಲವೆಂದೂ ಅದರಲ್ಲಿ ನಮೂದಾಗಿತ್ತು. ತಮ್ಮ ಇಲಾಖೆ 'ಪರಿಶೀಲಿಸಲಾಗಿದೆ' ಎಂದು ಮೊಹರು ಒತ್ತಿತ್ತು. ನನ್ನ ಹೆಂಡತಿ ಓದಿ ಬಂದು, "ನೆತ್ತಿ ಬೋಳಾಗ್ತಿದೆ ಅಂತ ನಾನು ಹೇಳಿದ್ರೆ ಒಪ್ತಿರಲಿಲ್ಲ, ಈಗ ಸರ್ಕಾರವೇ ನೋಡಿ ಹೇಳಿದೆಯಲ್ರೀ" ಎಂದಳು.

ಇದರಿಂದ ಲಾಭವಾಗಲಿಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ಸೋಮವಾರ ಇನ್ನೂ ಯಾರೂ ಏಳುವ ಮುಂಚೆ ನಾನು ಉದ್ದನೆಯ ಕೋಲು ಹಿಡಿದು ಕಳ್ಳಹೆಜ್ಜೆಯಲ್ಲಿ ಕೆಳಗಿಳಿದರೆ, ಅವರು ಆಗಲೇ ಬಕೆಟ್ಟು ಹಿಡಿದು ನಿಂತಿದ್ದರು. ಮಾತಿಲ್ಲ, ಕತೆಯಿಲ್ಲ, ನಾನು ತಿವಿದೆ, ಅವರು ಎತ್ತಿದರು. ಬಂದದ್ದರಲ್ಲಿ ಕೂದಲೂ ಇತ್ತು, ಜಿಡ್ಡೂ ಇತ್ತು, ಒಂದಕ್ಕೊಂದು ಅಂಟಿಕೊಂಡಿದ್ದವು. ಮಧ್ಯಾಹ್ನದ ಹೊತ್ತಿಗೆ ಹಲಗೆಯ ಮೇಲೆ 'ಇಲಾಖೆಯ ತ್ವರಿತ ಕ್ರಮದಿಂದ ಇತ್ಯರ್ಥ' ಎಂದು ಬಂತು. 'ಸ್ವಚ್ಛಗೊಳಿಸಿದವರು' ಎಂಬುದರ ಮುಂದೆ ಕಪ್ಪು ಪಟ್ಟಿ. ಕೊನೆಗೂ ನಮ್ಮಿಬ್ಬರಿಗೆ ಖಾಸಗಿತನ ದೊರಕಿತು, ಅದೂ ಒಂದೇ ಪಟ್ಟಿಯಡಿ.

ಆದ್ದರಿಂದ ಮಾನ್ಯರೇ, ನನ್ನ ಪ್ರಾರ್ಥನೆ ಅಲ್ಪವಾದದ್ದು. ನಮ್ಮಿಬ್ಬರ ಮಾನ ಬಯಲಾದ ವಾರದೊಳಗೆ ಒಂದು ಚರಂಡಿ ಹರಿಯಿತು; ತಮ್ಮದೂ ಒಂದಿಷ್ಟು ಬಯಲಾದರೆ ಊರಿನ ಚರಂಡಿಗಳೆಲ್ಲ ಹರಿದಾವು. ಬೆಳಗಿನ ಜಾವ ತಾವು ಕೋಲು ಹಿಡಿದು ಬಂದರೆ ತಿವಿಯುವ ಕ್ರಮವನ್ನು ನಾನೇ ತೋರಿಸಿಕೊಡುತ್ತೇನೆ. ಅಲ್ಲಿಯವರೆಗೆ ತಮ್ಮ ಹೆಸರಿನ ಮೇಲಿರುವ ಮಸಿಯಲ್ಲಿ ಒಂದು ತೊಟ್ಟನ್ನು ನನ್ನ ಫೋನ್ ನಂಬರಿನ ಮೇಲೂ, ಇನ್ನೊಂದನ್ನು ನನ್ನ ನೆತ್ತಿಯ ಮೇಲೂ ಕೃಪೆಮಾಡಬೇಕು. ಹಲಗೆಯ ಮೇಲಿರುವ ನೆತ್ತಿ ಎಂದು ಸ್ಪಷ್ಟಪಡಿಸುತ್ತೇನೆ; ಮಾನ್ಯರು ಅತ್ಯುತ್ಸಾಹದಲ್ಲಿ ಮನೆಗೆ ಬರಬಾರದು.

ತಮ್ಮ ವಿಶ್ವಾಸಿ,
ಮೇಲಿನ ಮನೆಯವನು
(ಉಳಿದ ವಿವರ ಗೇಟಿನ ಪಕ್ಕ ಲಭ್ಯ)

ತಾ.ಕ.: ಇದು ಅಧಿಕಾರಿಗಳಿಗಲ್ಲ, ಓದುಗರಿಗೆ. ಚರಂಡಿ ಹರಿದರೂ ಅಂಗಡಿಯವರು ನನ್ನೊಡನೆ ಮಾತಾಡುತ್ತಿಲ್ಲ. ದಿನಾ ಅಂಗಡಿಗೆ ಬರುವಾಗ ಹಲಗೆಯ ಮುಂದೆ ನಿಂತು ನನ್ನ ದೂರಿನ ಎರಡನೇ ಪ್ಯಾರಾವನ್ನು ಓದುತ್ತಾರೆ, ಮರುದಿನ ಮತ್ತೆ ಓದುತ್ತಾರೆ. ನಾನೇ ಕಿತ್ತರೆ ಸರ್ಕಾರಿ ದಾಖಲೆ ನಾಶವಾಗುತ್ತದಂತೆ. ತಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ, ದಯವಿಟ್ಟು ಅದರ ಮೇಲೆ 'ಮನೆ ಬಾಡಿಗೆಗಿದೆ' ಎಂದೋ 'ಬೀಗದ ಕೈ ಕಳೆದಿದೆ' ಎಂದೋ ಯಾವುದಾದರೂ ಚೀಟಿ ಚುಚ್ಚಿ ಬನ್ನಿ. ಗುಂಡುಪಿನ್ನು ಮನೆಯಿಂದಲೇ ಒಯ್ಯಿರಿ. ಕಚೇರಿಯಲ್ಲಿ ಕೇಳಿದರೆ ಅದೂ ಸಿಬ್ಬಂದಿಯ ಖಾಸಗಿ ವಿಷಯವಾಗಿರಬಹುದು.