ಮೂರು ಬೆರಳಿನ ವಿಭೂತಿ, ನಾಲ್ಕು ಸೆಕೆಂಡಿನ ಕರೆಂಟು

ತಾವಿರುವ ತನಕ ಈ ಮನೆಯ ಕಂಪ್ಯೂಟರಿಗೆ ರಿಪೇರಿಯವನ ಕೈ ಸೋಕುವುದಿಲ್ಲ ಎಂದು ಸಿದ್ದಮಲ್ಲಪ್ಪನವರು ವಿಜಯದಶಮಿಯ ಬೆಳಿಗ್ಗೆ ಕಾಫಿ ಲೋಟ ಹಿಡಿದು ಘೋಷಿಸಿದರು. ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಮೀಟರು, ವೈರುಗಳ ನಡುವೆ ಕಳೆದು ನಿವೃತ್ತರಾದವರು ಅವರು. ವಿದ್ಯುತ್ತು ತಮ್ಮ ಮಾತು ಮೀರುವುದಿಲ್ಲ ಎಂಬ ನಂಬಿಕೆ ಇತ್ತು. ವಿದ್ಯುತ್ತಿಗೆ ಈ ಸಂಗತಿ ತಿಳಿದಿರಲಿಲ್ಲ, ಅಷ್ಟೆ.

ಕಾಯಿಲೆ ವಿಚಿತ್ರವಾಗಿತ್ತು. ಗೋಡೆಯ ಸ್ವಿಚ್ ಹಾಕಿದ ಕೂಡಲೇ ಕಂಪ್ಯೂಟರು ತಾನಾಗಿಯೇ ಏಳುತ್ತಿತ್ತು. ಹಸಿರು ದೀಪ ಹತ್ತಿ, ಫ್ಯಾನು ಗುರ್ರೆಂದು, ನಾಲ್ಕೇ ಸೆಕೆಂಡಿನಲ್ಲಿ ಮತ್ತೆ ಮಲಗುತ್ತಿತ್ತು. ಹಿಂದಿನ ದಿನವಷ್ಟೇ ಆಯುಧಪೂಜೆಯಲ್ಲಿ ಸ್ಕೂಟರು, ಈಳಿಗೆಮಣೆಗಳ ಜೊತೆಗೆ ಅದಕ್ಕೂ ಮೂರು ಬೆರಳಲ್ಲಿ ವಿಭೂತಿ ಎಳೆದು, ಹೂವಿಟ್ಟು, ಕರ್ಪೂರ ಬೆಳಗಿದ್ದರು. ಇಷ್ಟೆಲ್ಲ ಮರ್ಯಾದೆ ಮಾಡಿಸಿಕೊಂಡು ಮಾರನೇ ದಿನವೇ ಮುಷ್ಕರ ಹೂಡುವುದೆಂದರೆ!

ಬೇರೆ ಸಮಯವಾಗಿದ್ದರೆ ನಗಬಹುದಿತ್ತು. ಆದರೆ ಅದರೊಳಗೆ ಅವರ ತಾಯಿ ಪುಟ್ಟಲಿಂಗಮ್ಮನವರ ಇನ್ನೂರು ಬೀಸುವ ಪದಗಳಿದ್ದವು. ಎರಡು ವರ್ಷ ಅತ್ತೆಯನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು, ಅವರು ಹೇಳಿದ್ದನ್ನು ಹೇಳಿದ ಹಾಗೇ ಹೆಂಡತಿ ಪ್ರೇಮಲೀಲಾ ಟೈಪ್ ಮಾಡಿದ್ದರು. ಕಾಗದದ ಮೇಲೆ ಒಂದಕ್ಷರವಿಲ್ಲ. ಅತ್ತೆ ತೀರಿಕೊಂಡು ಇನ್ನೆರಡು ವಾರಕ್ಕೆ ವರ್ಷ. ಅಂದಿಗೆ ಪುಸ್ತಕ ಮಾಡಿ ಹಂಚಬೇಕೆಂದು ಸೊಸೆಯ ಆಸೆ. ಮಂಡಿ ಮೊಹಲ್ಲಾದ ಪ್ರೆಸ್ಸಿನವರು ನಾಳೆಯೊಳಗೆ ಫ್ಲಾಪಿ ತಲುಪಿಸಿ ಎಂದಿದ್ದರು. ಮಗ ಸಿದ್ದಮಲ್ಲಪ್ಪನವರೋ, ಅದರಲ್ಲಿ ಏನಿದೆಯೆಂದು ಒಂದು ದಿನವೂ ಓದಿದವರಲ್ಲ.

ಮೊದಲು ಪ್ಲಗ್ಗು ಬದಲಾಯಿತು. ನಾಲ್ಕು ಸೆಕೆಂಡು. ಸ್ಟೆಬಿಲೈಸರ್ ತೆಗೆದರು. ನಾಲ್ಕು ಸೆಕೆಂಡು. ಆಮೇಲೆ ದೋಷ ಕೋಣೆಯ ಕರೆಂಟಿನದೆಂದು ತೀರ್ಪಾಗಿ ಕಂಪ್ಯೂಟರಿನ ಮೆರವಣಿಗೆ ಹೊರಟಿತು. ಮಿಕ್ಸಿಯ ಪ್ಲಗ್ಗಿನಲ್ಲಿ, ಇಸ್ತ್ರಿಪೆಟ್ಟಿಗೆಯ ಪ್ಲಗ್ಗಿನಲ್ಲಿ, ಎಲ್ಲೆಡೆಯೂ ಅದೇ ನಾಲ್ಕು ಸೆಕೆಂಡು. ಕಂಪ್ಯೂಟರನ್ನು ಎತ್ತುವಾಗಲೆಲ್ಲ ಎದುರಿನ ವಿಭೂತಿ ಅಳಿಯದಂತೆ ಪಕ್ಕದಲ್ಲೇ ಹಿಡಿಯುತ್ತಿದ್ದರು. ಒರೆಸಲು ಬಂದ ಹೆಂಡತಿಯನ್ನು ಎರಡು ಸಲ ಗದರಿಯೂ ಆಯಿತು.

ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರಿನ ಹೊಟ್ಟೆ ನಡುಮನೆಯಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಜಂಬೂಸವಾರಿಯನ್ನು ಟೀವಿಯಲ್ಲಿ ನೋಡಲು ಪಕ್ಕದ ಮನೆಯ ನಂಜುಂಡಯ್ಯನವರು ಸಂಸಾರ ಸಮೇತ ಬಂದು ಅದರ ಸುತ್ತಲೇ ಚಾಪೆ ಹಾಸಿಕೊಂಡರು. ಆನೆ ಅಂಬಾರಿ ಹೊತ್ತು ಮೊದಲ ಹೆಜ್ಜೆ ಇಡುವುದಕ್ಕೂ ಸಿದ್ದಮಲ್ಲಪ್ಪನವರು ತಾವೇ ಹೊಸೆದ ವೈರನ್ನು ಗೋಡೆಗೆ ಚುಚ್ಚುವುದಕ್ಕೂ ಸರಿಹೋಯಿತು. ಟಪ್ಪೆಂದು ಇಡೀ ಮನೆಯ ಫ್ಯೂಸು ಹಾರಿತು. ನಂಜುಂಡಯ್ಯನವರು ಚಾಪೆ ಸುತ್ತಿಕೊಂಡು, ತಮ್ಮ ಮನೆಯ ಪುಟ್ಟ ಟೀವಿಯ ಕಡೆಗೆ ಸಂಸಾರವನ್ನು ನಡೆಸಿಕೊಂಡು ಹೋದರು.

ಸಿದ್ದಮಲ್ಲಪ್ಪನವರು ಫ್ಯೂಸು ಕಟ್ಟಿ ಬಂದು ಬಿಚ್ಚಿದ ಸಾಮಾನುಗಳ ನಡುವೆ ಕೂತರು. ಅಷ್ಟು ಹೊತ್ತಿಗೆ ಮೊದಲ ಬಾರಿ ಭಯವಾಯಿತು. ಅವ್ವನ ಒಂದೇ ಒಂದು ಪದ ನೆನಪಿಸಿಕೊಳ್ಳಲು ನೋಡಿದರು. ರಾಗ ಬಂತು, ಮಾತು ಬರಲಿಲ್ಲ.

"ಪ್ರೇಮಾ, ನಂಗೆ ಒಂದೂ ಬರಲ್ಲ ಕಣೆ," ಅಂದರು.

ಪ್ರೇಮಲೀಲಾ ಒದ್ದೆ ಬಟ್ಟೆ ತಂದು ಕಂಪ್ಯೂಟರಿನ ಮುಂದೆ ಬಗ್ಗಿದರು. ಗಂಡನ ಕೈ ತಡೆಯಲು ಬಂತು.

"ಸುಮ್ನಿರಿ. ಶಿವ ಏನೂ ಅನ್ಕೊಳಲ್ಲ ಬುಡಿ. ಇಲ್ನೋಡಿ, ಈ ಗುಂಡಿ ಒಳಗೇ ಕೂತ್ಬುಟ್ಟಿದೆ."

ಭಕ್ತಿ ಹೆಚ್ಚಾಗಿ, ಆನ್ ಮಾಡುವ ಗುಂಡಿಯ ಮೇಲೇ ವಿಭೂತಿಯನ್ನು ಕಲಸಿ ದಪ್ಪಗೆ ಬಳಿದಿದ್ದರು ಯಜಮಾನರು. ಒತ್ತಿದ ಗುಂಡಿ ಒಳಗೇ ನಿಂತು, ಸುತ್ತಲೂ ವಿಭೂತಿ ಗಾರೆಯಾಗಿತ್ತು. ಆ ಗುಂಡಿಯನ್ನು ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಕಂಪ್ಯೂಟರು ಆರುತ್ತದೆ. ಯಾರೋ ಬೆರಳು ತೆಗೆಯದೆ ಒತ್ತಿಕೊಂಡೇ ಇದ್ದಾರೆಂದು ತಿಳಿದು, ಪಾಪ, ಅದು ಪ್ರತಿಸಲವೂ ಹೇಳಿದ ಮಾತು ಕೇಳಿತ್ತು. ಬಟ್ಟೆ ಎರಡು ಸಲ ಆಡಿತು. ಗುಂಡಿ ಟಕ್ಕೆಂದು ಹೊರಗೆ ಬಂತು.

ಎಲ್ಲವನ್ನೂ ಮತ್ತೆ ಜೋಡಿಸಿ, ಗುಂಡಿ ಒತ್ತಿದರು. ನಾಲ್ಕು ಸೆಕೆಂಡು ಕಳೆಯಿತು. ಹತ್ತಾಯಿತು. ಪರದೆ ಬೆಳಗಿತು. ಪ್ರೇಮಲೀಲಾ ಮೊದಲು ಫ್ಲಾಪಿ ತುರುಕಿ ಎಲ್ಲವನ್ನೂ ಅದಕ್ಕೆ ಇಳಿಸಿದರು, ಆಮೇಲೆ ಕಣ್ಣೊರೆಸಿಕೊಂಡರು. ಸಿದ್ದಮಲ್ಲಪ್ಪನವರು ಕನ್ನಡಕ ಏರಿಸಿ, ತಾಯಿಯ ಪದವನ್ನು ಮೊದಲ ಸಲ ಓದಿದರು:

ಮುಟ್ಟಿದ್ದನೆಲ್ಲ ಬಿಚ್ಚೋನು ನನ ಮಗ
ಕಟ್ಟೋದ ಬಲ್ಲ ಸೊಸೆಯೊಬ್ಬಳ | ಹುಡುಕೀನಿ
ಪಟ್ಟಣದ ಬೀದಿ ಅಲೆದಲೆದು

ವರ್ಷದಿಂದ ಕೇಳದ ದನಿ ಕಿವಿಯಲ್ಲಿ ಕೂತ ಹಾಗಾಯಿತು. ನಗು ಬಂತು, ಅಳುವೂ ಬಂತು. ತಗ್ಗಿದ ದನಿಯಲ್ಲಿ, "ಇದನ್ನ ತೆಗೀಬೇಡ ಕಣೆ," ಅಂದರು. "ಎಲ್ರೂ ಓದ್ಲಿ. ಮೊದಲನೇ ಪುಟಕ್ಕೇ ಹಾಕ್ಬುಡು."

"ಅದು ಇರೋದೇ ಅಲ್ಲಿ ಕಣ್ರೀ," ಅಂದರು ಪ್ರೇಮಲೀಲಾ.