ಮಾವನ ಮಾರ್ಜಿನ್

ಕಂಪ್ಯೂಟರ್ ಪರದೆಯ ಮೇಲೆ ದರ್ಜಿಯ ಟೇಪು ಹಿಡಿದು ಅಳತೆ ತೆಗೆಯುವ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಆಳಂದಕ್ಕೆ ಹೋಗಿ, ನನ್ನ ಸೋದರಮಾವನನ್ನು ನೋಡಿ ಬನ್ನಿ. ಮೂವತ್ತು ವರ್ಷ ಜಂಪರು, ಅಂಗಿ ಹೊಲಿದವನು. ಎಲ್ಲರೂ ರೆಡಿಮೇಡ್ ತೊಡಲು ಶುರು ಮಾಡಿದ ಮೇಲೆ ಹೊಲಿಗೆ ಯಂತ್ರದ ಮೇಲೆಯೇ ಒಂದು ಹಲಗೆ ಹಾಕಿ ಕಂಪ್ಯೂಟರ್ ಕೂರಿಸಿದ. ಆನ್‌ಲೈನ್ ಅರ್ಜಿಗಳಿಗೆ ಫೋಟೊ ಕತ್ತರಿಸಿ, ಕುಗ್ಗಿಸಿ ಕೊಡುವುದು ಈಗಿನ ಉದ್ಯೋಗ. ಕೆಲಸ ಬದಲಾದರೂ ಮಾವ ಬದಲಾಗಲಿಲ್ಲ. ಕೈ ಮೌಸ್ ಎಳೆಯುತ್ತಿದ್ದರೆ ಕಾಲು ಕೆಳಗೆ ಪೆಡಲು ತುಳಿಯುತ್ತಲೇ ಇರುತ್ತದೆ. ತುಳಿಯದಿದ್ದರೆ ಫೋಟೊ ಮುಂದೆ ಸರಿಯುವುದಿಲ್ಲವಂತೆ!

ಇಂಥವನ ಮುಂದೆ ಹೋದ ತಿಂಗಳು ನಾನು ಅವ್ವನ ಒಂದು ಫೋಟೊ ಕೇಳಿಕೊಂಡು ನಿಲ್ಲಬೇಕಾಯಿತು. ಅವ್ವ ಲಿಂಗೈಕ್ಯಳಾಗಿ ಆರು ದಿನವಾಗಿತ್ತು. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಇಡಲು ಅವಳ ಒಂದೇ ಒಂದು ನೆಟ್ಟಗಿನ ಫೋಟೊ ಮನೆಯಲ್ಲಿರಲಿಲ್ಲ. ಅದರಲ್ಲಿ ನನ್ನ ತಪ್ಪೂ ಇದೆ. ಆದರೆ ಅದು ನಿಮಗೆ ಅರ್ಥವಾಗಬೇಕಾದರೆ ಮೊದಲು ಮಾವನ ಮಾರ್ಜಿನ್ ಅರ್ಥವಾಗಬೇಕು.

ಅಂಗಿಯ ಒಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಮಡಚಿ ಬಿಡುತ್ತಾರಲ್ಲ, ನಾಳೆ ಮೈ ಬಂದರೆ ಬಿಚ್ಚಲಿಕ್ಕೆ? ಅದೇ ಮಾರ್ಜಿನ್. ಮಾವ ಫೋಟೊಕ್ಕೂ ಅದನ್ನು ಬಿಡುತ್ತಾನೆ. ಒಮ್ಮೆ ಹಿರೋಳ್ಳಿಯ ರೈತರೊಬ್ಬರು ಎತ್ತಿನ ಜೊತೆ ನಿಂತ ಫೋಟೊ ತಂದು, ತಮ್ಮ ಮುಖವಷ್ಟೇ ಬೇಕೆಂದರು. ಮಾವ ಟೇಪು ಹಿಡಿದು, ಒಂದು ಕಣ್ಣು ಮುಚ್ಚಿ ಅಳೆದು ಕತ್ತರಿಸಿಕೊಟ್ಟ.

"ಏನ್ರಿ ಇದು? ನನ್ನ ತಲಿಗೇ ಕೋಡು ಮೂಡಿದಂಗ ಕಾಣ್ತದಲ್ರಿ."

"ಅದು ಎತ್ತಿಂದು. ಮಾರ್ಜಿನ್ ಬಿಟ್ಟೇನಿ. ಜಾಸ್ತಿ ಇದ್ರ ನಾಳೆ ಕಡೀಬಹುದ್ರಿ. ಒಮ್ಮೆ ಕಡದ್ರ ಮತ್ತ ಬೆಳೀತದೇನು?"

ಆ ರೈತರು ಕೋಡಿನ ಸಮೇತ ಅರ್ಜಿ ಹಾಕಿದರೋ, ಬೇರೆ ಅಂಗಡಿಗೆ ಹೋದರೋ ನನಗೆ ತಿಳಿಯದು.

ಇನ್ನು ಕುಗ್ಗಿಸುವ ಶಾಸ್ತ್ರವೇ ಬೇರೆ. ಫೋಟೊ ಐವತ್ತು ಕೆಬಿ ಒಳಗಿರಬೇಕು ಎಂದು ಅರ್ಜಿಯಲ್ಲಿದ್ದರೆ, ಮಾವ ಎದುರಿಗೆ ಕುಳಿತ ಗಿರಾಕಿಯನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಮೈಕಟ್ಟಿಗೆ ಐವತ್ತು ಬಿಗಿ ಆಗ್ತದ್ರಿ. ಜರಾ ಉಸಿರು ಹಿಡಿರಿ" ಎನ್ನುತ್ತಾನೆ. ಪಾಪ, ಅವರು ಹಿಡಿಯುತ್ತಾರೆ ಕೂಡ. ಯಂತ್ರ ಅರ್ಧ ನಿಮಿಷ ಗರಗರ ಅನ್ನುವಷ್ಟು ಹೊತ್ತು ಅಂಗಡಿಯಲ್ಲಿ ಯಾರೂ ಉಸಿರಾಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಹುಚ್ಚು ಉಳಿಕೆಯದು. ಗಿರಾಕಿಯ ಬಟ್ಟೆ ಉಳಿದರೆ ಗಿರಾಕಿಗೇ ಕೊಡಬೇಕು ಎಂಬುದು ಮಾವ ಮೂವತ್ತು ವರ್ಷ ಪಾಲಿಸಿದ ನೇಮ. ಫೋಟೊದಲ್ಲೂ ಅದೇ. ಕತ್ತರಿಸಿ ತೆಗೆದ ಭಾಗವನ್ನೂ ಬೇರೆ ಫೋಟೊ ಮಾಡಿ ಕೈಗೆ ಕೊಡುತ್ತಾನೆ. ಕಡಗಂಚಿಯಿಂದ ಬಂದ ವಿದ್ಯಾರ್ಥಿಯೊಬ್ಬ ತಲೆ ಕೆರೆದುಕೊಂಡು ಕೇಳಿದ್ದ:

"ಕಾಕಾ, ಈ ಅರ್ಧ ಮೋಟರ್‌ಸೈಕಲ್ ತಗೊಂಡು ನಾ ಏನ್ ಮಾಡ್ಲಿ?"

"ನಿನ್ನ ಮಾಲು, ನೀನೇ ಒಯ್ಯಿ. ನಾ ಇಟ್ಕೊಂಡ್ರ ಮಂದಿ ನನಗ ಕಳ್ಳ ದರ್ಜಿ ಅಂತಾರ."

ಒಯ್ಯದೆ ಹೋದವರದು "ಚಿಂದಿ" ಎಂಬ ಫೋಲ್ಡರಿನಲ್ಲಿ ಹೆಸರು ಬರೆಸಿಕೊಂಡು ಕುಳಿತಿರುತ್ತದೆ. ಯಾರದೋ ಮೊಣಕೈ, ಯಾರದೋ ಕಿವಿ, ಅರ್ಧ ಬೇವಿನ ಗಿಡ. ಕಂಪ್ಯೂಟರ್ ಭಾರ ತಾಳದೆ ನಿಂತೇಬಿಟ್ಟಾಗ ರಿಪೇರಿಯವನು ಅದನ್ನೆಲ್ಲ ಅಳಿಸಿಬಿಡಿ ಅಂದನಂತೆ. ಮಾವ ಅವನ ಜೊತೆ ಮಾತು ಬಿಟ್ಟ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಏಳು ವರ್ಷದ ಹಿಂದೆ ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು. ನನ್ನ ಫೋನಿನಲ್ಲಿದ್ದ ಒಂದೇ ಒಳ್ಳೆಯ ಫೋಟೊ ಅಫಜಲಪುರದಲ್ಲಿ ನಡೆದ ಚಿಕ್ಕಪ್ಪನ ಮಗಳ ಮದುವೆಯದು. ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ ಎಳೆದುಕೊಂಡು ಒಳಗೆ ಓಡುವ ಅವ್ವ, ಅಂದು ಯಾವ ಪುಣ್ಯಕ್ಕೋ ನನ್ನ ಭುಜದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಿದ್ದಳು. ನನ್ನ ಮುಖವನ್ನಷ್ಟೇ ತೆಗೆದುಕೊಡು ಎಂದು ಮಾವನಿಗೆ ಹೇಳಿದೆ. ಮಾವ ಮಾರ್ಜಿನ್ ಬಿಟ್ಟ. ನನ್ನ ಭುಜದ ಮೇಲೆ ಅವ್ವನ ನಾಲ್ಕು ಬೆರಳು ಉಳಿದವು. ಆ ಬೆರಳುಗಳಿಂದಾಗಿ ಅರ್ಜಿ ತಿರಸ್ಕೃತವಾಯಿತು. ಕೊನೆಯ ದಿನ ಬೇರೆ. ಅವ್ವನನ್ನೂ ಕರೆದುಕೊಂಡು ಅಂಗಡಿಗೆ ಹೋಗಿ ಹರಿಹಾಯ್ದೆ.

"ಮಾವಾ, ಆ ಬೆರಳು ತೆಗಿ. ನೌಕರಿಗೆ ನಾ ಒಬ್ಬಾಕಿನೇ ಹೊಂಟೇನಿ. ಅವ್ವನ್ನ ಕಟ್ಕೊಂಡು ಹೋಗಾಕತ್ತಿಲ್ಲ."

ಮಾವ ಅವ್ವನ ಮುಖ ನೋಡಿದ. ಅವ್ವ ನಕ್ಕಳು. "ತೆಗಿಯೋ ತಮ್ಮಾ. ಅಕಿ ನೌಕರ್‍ಯಾಗ ನನ್ನ ಕೈದೇನ್ ಕೆಲಸ?" ಅಂದಳು.

ಮಾವ ಗೊಣಗುತ್ತಲೇ ಕುತ್ತಿಗೆಯ ಅಂಚಿಗೆ ಬಿಗಿಯಾಗಿ ಕತ್ತರಿಸಿದ. ಉಳಿಕೆ ತಗೋ ಎಂದ. ಫಾಲ್ತು ಸಾಮಾನು ನೀನೇ ಇಟ್ಟುಕೋ ಎಂದೆ. ಕೆಲಸ ಜೇವರ್ಗಿಯಲ್ಲಿ ಸಿಕ್ಕಿತು, ಅವ್ವನೂ ನನ್ನ ಜೊತೆ ಅಲ್ಲಿಗೇ ಬಂದಳು. ಆ ಫೋನು ಮುಂದೆ ನೀರಿಗೆ ಬಿದ್ದು ಕೆಟ್ಟಿತು. ಅವ್ವ ಮತ್ತೆಂದೂ ಕ್ಯಾಮೆರಾಕ್ಕೆ ಸಿಗಲಿಲ್ಲ.

ಆರನೆಯ ದಿನ ಮಾವನಿಗೆ ಫೋನು ಮಾಡಿ ಆ ಉಳಿಕೆ ಇನ್ನೂ ಇದೆಯೇ ಎಂದು ಕೇಳಿದರೆ, "ಅದ. ಆದ್ರ ಫೋನಿನಾಗ ಕಳಿಸಿದ್ರ ಮುದುಡಿ ಮುದ್ದಿ ಆಗ್ತದ. ನೀನೇ ಬಾ" ಅಂದ. ಹೋದೆ. ಚಿಂದಿ ಫೋಲ್ಡರಿನಲ್ಲಿ ನನ್ನ ಹೆಸರಿನ ಮೇಲೆ ಒತ್ತಿದ.

ಅವ್ವ ಬಂದಳು. ಹಣೆಯ ವಿಭೂತಿ, ಹಸಿರು ಇಳಕಲ್ ಸೀರೆ, ಏನೋ ಹೇಳಲು ಹೊರಟಂತಿದ್ದ ತುಟಿ, ಎಲ್ಲ ಹಾಗೇ ಇತ್ತು. ಅವಳ ಕೈ ಮಾತ್ರ, ತಲೆಯಿಲ್ಲದ ಒಂದು ಭುಜದ ಮೇಲಿತ್ತು. ಆ ಭುಜ ನನ್ನದು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತು ಅತ್ತೆ. ಮಾವನ ಕಾಲು ಪೆಡಲು ತುಳಿಯುವುದನ್ನು ನಿಲ್ಲಿಸಿತ್ತು. ಇಷ್ಟು ವರ್ಷದಲ್ಲಿ ಅದು ನಿಂತದ್ದನ್ನು ನಾನು ನೋಡಿದ್ದು ಅಂದೇ.

ಸ್ವಲ್ಪ ಹೊತ್ತಾದ ಮೇಲೆ ಮಾವ ಟೇಪು ಕೈಗೆತ್ತಿಕೊಂಡ.

"ಪೂಜಿಗೆ ಇಡೋ ಫೋಟೊದಾಗ ಬದುಕಿದವರ ಮೈ ಇರಬಾರದಂತಾರ. ಬಿಗಿಯಾಗಿ ಕಡದ್ರ ಅಕ್ಕನ ಬೆರಳು ಹೋಗ್ತಾವ. ಏನ್ ಮಾಡ್ಲಿ ಹೇಳು ಬೇ."

"ಮಾರ್ಜಿನ್ ಬಿಡು, ಮಾವಾ."

"ಎಷ್ಟು ಬಿಡ್ಲಿ?"

"ಅವ್ವನ ಕೈ ಪೂರಾ ಹಿಡಿಯೋವಷ್ಟು."